ಮೂರನೇ ಪಂದ್ಯ ಬೇಕಿತ್ತಾ? 1967ರ ಖಂಡಾಂತರ ಕಪ್ ಫೈನಲ್, ಒಂದು ಪ್ರಕರಣ ಅಧ್ಯಯನ

1967ರ ನವೆಂಬರ್ 4ರಂದು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಪ್ರಪಂಚದ ಅತ್ಯುತ್ತಮ ಕ್ಲಬ್ ಯಾವುದು ಅಂತ ತೀರ್ಮಾನಿಸುವ ಪಂದ್ಯ. ರೆಫರಿ ಆರು ಜನರಿಗೆ ಹೊರಗೆ ಹೋಗಿ ಅಂದರು. ಐದು ಜನ ಹೋದರು. ಆರನೆಯವನು ಹೋಗಲೇ ಇಲ್ಲ, ಆಡುತ್ತಲೇ ಇದ್ದ. ಪೊಲೀಸರು ಮೈದಾನಕ್ಕೆ ಇಳಿದರು. ಆಟ ಮುಗಿದಾಗ ಒಂದು ತಂಡ ಕಪ್ ಎತ್ತಿತು. ಇನ್ನೊಂದು ತಂಡದ ಆಡಳಿತ ಮಂಡಳಿ ತನ್ನದೇ ಆಟಗಾರರಿಗೆ ದಂಡ ಹಾಕಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಒಂದು ಹೊಡೆದಾಟದ ಕತೆಯಾಗಿ ಹೇಳುತ್ತಾರೆ. ಯಾರು ಉಗುಳಿದರು, ಯಾರು ಒದ್ದರು, ಯಾರು ಮೊದಲು ಶುರು ಮಾಡಿದರು. ಆ ಚರ್ಚೆಗೆ ಕೊನೆ ಇಲ್ಲ. ಹಾಗಾಗಿ ಇಲ್ಲಿ ಆಟಗಾರರು, ರೆಫರಿಗಳು, ಕೋಚ್‌ಗಳ ಹೆಸರನ್ನು ಬಿಟ್ಟಿದ್ದೇನೆ. ವಿಂಗರ್, ಗೋಲ್‌ಕೀಪರ್, ಅಧ್ಯಕ್ಷ ಅಂತಷ್ಟೇ ಕರೆಯುತ್ತೇನೆ. ಕ್ಲಬ್‌ಗಳ ಹೆಸರು ಮುಚ್ಚಿಟ್ಟು ಪ್ರಯೋಜನವಿಲ್ಲ, ತಾರೀಖು ಹೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಒಂದು ತಂಡ ಸ್ಕಾಟ್ಲೆಂಡಿನ ಗ್ಲಾಸ್ಗೋದ ಸೆಲ್ಟಿಕ್. ಇನ್ನೊಂದು ಬ್ಯೂನಸ್ ಐರಿಸ್‌ಗೆ ಅಂಟಿಕೊಂಡಿರುವ ಅವೆಯನೆಡಾ ಊರಿನ ರೇಸಿಂಗ್ ಕ್ಲಬ್.

ನನ್ನ ಪ್ರಶ್ನೆ ಬೇರೆ. ಮೊದಲ ಎರಡು ಪಂದ್ಯಗಳಲ್ಲಿ ಒಬ್ಬರನ್ನೂ ಹೊರಗೆ ಕಳಿಸಲಿಲ್ಲ. ಮೂರನೆಯದರಲ್ಲಿ ಆರು ಜನ. ಈ ನಡುವೆ ಯಾರು ಏನು ನಿರ್ಧಾರ ಮಾಡಿದರು?

ಹಿನ್ನೆಲೆ

ಈ ಕಪ್ ಶುರುವಾದದ್ದು 1960ರಲ್ಲಿ. ಯುರೋಪಿಯನ್ ಕಪ್ ಗೆದ್ದ ಕ್ಲಬ್ಬೂ ದಕ್ಷಿಣ ಅಮೆರಿಕದ ಲಿಬರ್ಟಾಡೋರೆಸ್ ಕಪ್ ಗೆದ್ದ ಕ್ಲಬ್ಬೂ ಎರಡು ಪಂದ್ಯ ಆಡಬೇಕು. ಒಂದು ತವರಿನಲ್ಲಿ, ಇನ್ನೊಂದು ಎದುರಾಳಿಯ ಊರಿನಲ್ಲಿ. ನಮ್ಮವರಿಗೆ ಈ ಪದ್ಧತಿ ಹೊಸದೇನಲ್ಲ. 2016ರ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೋರ್ ತಂಡದ ಜೊತೆ ಅಲ್ಲಿ 1-1 ಮಾಡಿಕೊಂಡು ಬಂದು, ಕಂಠೀರವದಲ್ಲಿ 3-1ರಿಂದ ಗೆದ್ದಿತಲ್ಲ, ಅದೇ ಪದ್ಧತಿ. ಒಂದೇ ಒಂದು ವ್ಯತ್ಯಾಸ. ಆ ಒಂದು ವ್ಯತ್ಯಾಸವೇ ಈ ಪ್ರಕರಣದ ಬೇರು.

ಬೆಂಗಳೂರು ಆಡಿದಾಗ ಎರಡೂ ಪಂದ್ಯಗಳ ಗೋಲು ಕೂಡಿಸಿ ಲೆಕ್ಕ ಹಾಕಿದರು. ಖಂಡಾಂತರ ಕಪ್‌ನಲ್ಲಿ 1968ರವರೆಗೆ ಗೋಲಿನ ಲೆಕ್ಕವೇ ಇರಲಿಲ್ಲ. ಗೆದ್ದರೆ ಎರಡು ಪಾಯಿಂಟ್, ಸಮ ಆದರೆ ಒಂದು. ಅಷ್ಟೇ. ಒಂದು ಗೋಲಿನಿಂದ ಗೆದ್ದರೂ ಒಂದೇ, ಐದು ಗೋಲಿನಿಂದ ಗೆದ್ದರೂ ಒಂದೇ. 1961ರಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ತವರೂರು ಲಿಸ್ಬನ್‌ನಲ್ಲಿ 1-0ಯಿಂದ ಗೆದ್ದಿತು. ಉರುಗ್ವೆಯ ಪೆನ್ಯರೋಲ್ ಮಾಂಟೆವಿಡಿಯೊದಲ್ಲಿ 5-0ಯಿಂದ ತಿರುಗಿಸಿ ಕೊಟ್ಟಿತು. ಒಟ್ಟು ನೋಡಿದರೆ 5-1. ಮುಗಿಯಿತು ಅಂದುಕೊಳ್ಳುತ್ತೀರಿ ಅಲ್ವಾ? ಇಲ್ಲ, ಪಾಯಿಂಟ್ ಸಮ, ಮೂರನೇ ಪಂದ್ಯ ಆಡಿ ಅಂದರು. ಪೆನ್ಯರೋಲ್ 2-1ರಿಂದ ಅದನ್ನೂ ಗೆದ್ದಿತು.

ಇನ್ನೊಂದು ವಿಷಯ. ಮೂರನೇ ಪಂದ್ಯ ಎಲ್ಲಿ? ಎರಡನೇ ಪಂದ್ಯ ಯಾವ ಖಂಡದಲ್ಲಿ ಆಯಿತೋ ಅಲ್ಲೇ. 1961ರಲ್ಲಿ ಎರಡನೆಯದೂ ಮೂರನೆಯದೂ ಮಾಂಟೆವಿಡಿಯೊದಲ್ಲೇ. 1963ರಲ್ಲಿ ಬ್ರೆಜಿಲ್‌ನ ಸ್ಯಾಂಟೋಸ್ ಮತ್ತು ಇಟಲಿಯ ಮಿಲಾನ್ ಎರಡನ್ನೂ ರಿಯೊದ ಮರಕಾನಾದಲ್ಲೇ ಆಡಿದವು. 1964ರಲ್ಲಿ ಇಂಟರ್ ಮಿಲಾನ್ ತವರಿನಲ್ಲಿ ಎರಡನೆಯದನ್ನು ಗೆದ್ದು, ಮ್ಯಾಡ್ರಿಡ್‌ನಲ್ಲಿ ಮೂರನೆಯದನ್ನೂ ಗೆದ್ದಿತು. ಈ ಮೂರೂ ಸಲ ಕಪ್ ಹೋದದ್ದು ಎರಡನೇ ಪಂದ್ಯವನ್ನು ತನ್ನ ನೆಲದಲ್ಲಿ ಆಡಿದ ತಂಡಕ್ಕೆ. ನಿಯಮ ಬರೆದವರಿಗೆ ಇದು ಕಾಣಲಿಲ್ಲ ಅನ್ನುವುದು ಕಷ್ಟ. ವಿಮಾನದ ಖರ್ಚು ಉಳಿಯುತ್ತದೆ ಅಂತ ಸುಮ್ಮನಿದ್ದರೋ ಏನೋ.

ಇನ್ನು ಎರಡು ತಂಡಗಳು. ಸೆಲ್ಟಿಕ್ 1967ರ ಮೇ 25ರಂದು ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಿತ್ತು. ಬ್ರಿಟನ್ನಿನ ಯಾವ ಕ್ಲಬ್ಬೂ ಅದಕ್ಕೆ ಮೊದಲು ಗೆದ್ದಿರಲಿಲ್ಲ. ಆ ತಂಡದವರೆಲ್ಲ ಗ್ಲಾಸ್ಗೋ ಸುತ್ತಮುತ್ತ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ದಾಳಿ ಮಾಡಿ ಆಡುವ ತಂಡ, ಯುರೋಪಿನಲ್ಲೆಲ್ಲ ಒಳ್ಳೆ ಹೆಸರು. ಆದರೆ ಅಕ್ಟೋಬರ್ ಹೊತ್ತಿಗೆ ಅವರಿಗೊಂದು ಪೆಟ್ಟು ಬಿದ್ದಿತ್ತು. ಹೊಸ ಋತುವಿನ ಯುರೋಪಿಯನ್ ಕಪ್‌ನ ಮೊದಲ ಸುತ್ತಿನಲ್ಲೇ ಡೈನಮೋ ಕೀವ್ ಅವರನ್ನು ಮನೆಗೆ ಕಳಿಸಿತ್ತು. ಅಂದರೆ ಖಂಡಾಂತರ ಕಪ್ ಅವರಿಗೆ ಬರೀ ಗೌರವದ ಪಂದ್ಯವಾಗಿ ಉಳಿಯಲಿಲ್ಲ. ಆ ವರ್ಷ ಹೊರನಾಡಿನಲ್ಲಿ ಗೆಲ್ಲಲು ಬಾಕಿ ಉಳಿದದ್ದು ಅದೊಂದೇ. ಮುಂದೆ ಅವರು ಮಾಡಿದ ನಿರ್ಧಾರಗಳನ್ನು ಓದುವಾಗ ಇದು ನೆನಪಿರಲಿ.

ರೇಸಿಂಗ್‌ನವರಿಗೆ ಮೂರನೇ ಪಂದ್ಯ ಅಂದರೆ ಅಭ್ಯಾಸವಾಗಿತ್ತು. ಅದೇ ಆಗಸ್ಟ್‌ನಲ್ಲಿ ಲಿಬರ್ಟಾಡೋರೆಸ್ ಫೈನಲ್‌ನಲ್ಲಿ ಉರುಗ್ವೆಯ ನಸಿಯೊನಾಲ್ ಜೊತೆ ಎರಡೂ ಕಡೆ 0-0. ಚಿಲಿಯ ಸ್ಯಾಂಟಿಯಾಗೊದಲ್ಲಿ ಮೂರನೆಯದನ್ನು ಆಡಿ 2-1ರಿಂದ ಗೆದ್ದಿದ್ದರು. ಅಲ್ಲಿಯವರೆಗೆ ಅರ್ಜೆಂಟೀನಾದ ಯಾವ ಕ್ಲಬ್ಬೂ ಖಂಡಾಂತರ ಕಪ್ ಗೆದ್ದಿರಲಿಲ್ಲ. ಆ ಭಾರವೂ ತಲೆಯ ಮೇಲಿತ್ತು.

ಇದೆಲ್ಲದರ ಹಿಂದೆ ಹಳೆಯ ಸಿಟ್ಟೊಂದಿತ್ತು. 1966ರ ವಿಶ್ವಕಪ್ ಕ್ವಾರ್ಟರ್ ಫೈನಲ್. ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಅರ್ಜೆಂಟೀನಾ ಆಡುತ್ತಿತ್ತು. ಅರ್ಜೆಂಟೀನಾದ ನಾಯಕನನ್ನು ಜರ್ಮನ್ ರೆಫರಿ ಹೊರಗೆ ಕಳಿಸಿದರು. ನನಗೆ ದುಭಾಷಿ ಬೇಕು ಅಂತ ನಾಯಕ ಕೇಳುತ್ತಲೇ ನಿಂತ, ನಿಮಿಷಗಟ್ಟಲೆ ಮೈದಾನ ಬಿಡಲಿಲ್ಲ. ಪಂದ್ಯ ಮುಗಿದ ಮೇಲೆ ಇಂಗ್ಲೆಂಡಿನ ಕೋಚ್ ಎದುರಾಳಿಗಳನ್ನು ಪ್ರಾಣಿಗಳಿಗೆ ಹೋಲಿಸಿ ಮಾತಾಡಿದರು. ಅರ್ಜೆಂಟೀನಾದಲ್ಲಿ ಆ ಮಾತನ್ನು ಯಾರೂ ಮರೆಯಲಿಲ್ಲ. ಸ್ಕಾಟ್ಲೆಂಡಿನವರಿಗೂ ಇಂಗ್ಲೆಂಡಿನವರಿಗೂ ಅಷ್ಟಕ್ಕಷ್ಟೇ ಅನ್ನುವುದನ್ನು ಅವೆಯನೆಡಾದ ಗ್ಯಾಲರಿಯಲ್ಲಿ ಕೂತವರಿಗೆ ಯಾರು ವಿವರಿಸಬೇಕು?

ಮೊದಲ ಪಂದ್ಯ: ಗ್ಲಾಸ್ಗೋ

ಅಕ್ಟೋಬರ್ 18. ಸೆಲ್ಟಿಕ್ ತನ್ನ ಸ್ವಂತ ಮೈದಾನ ಬಿಟ್ಟು ಇನ್ನೂ ದೊಡ್ಡದಾದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಆಡಿಸಿತು. 80,000ಕ್ಕೂ ಹೆಚ್ಚು ಜನ. ರೇಸಿಂಗ್ ಬಂದದ್ದೇ ಗೋಲು ತಡೆಯಲು. ಸೆಲ್ಟಿಕ್‌ನ ಕುಳ್ಳಗಿನ ಬಲಬದಿ ವಿಂಗರ್ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಯಾರಾದರೂ ಒಬ್ಬರು ಕೆಡವುತ್ತಿದ್ದರು. 69ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಸೆಲ್ಟಿಕ್ ನಾಯಕ ಹೆಡ್ ಮಾಡಿ ಗೋಲು ಹೊಡೆದ. 1-0. ಅಷ್ಟಕ್ಕೇ ಮುಗಿಯಿತು.

ಇಲ್ಲಿ ಮೊದಲ ಪಾಠ ಸಿಗುತ್ತದೆ. ಗೋಲಿನ ಲೆಕ್ಕ ಇದ್ದಿದ್ದರೆ ಸೆಲ್ಟಿಕ್ ಎರಡನೆಯದಕ್ಕೆ, ಮೂರನೆಯದಕ್ಕೆ ಹಪಹಪಿಸಬೇಕಿತ್ತು, ರೇಸಿಂಗ್ ಕೂಡ ಒಂದಾದರೂ ಹೊಡೆದು ಹೋಗೋಣ ಅಂತ ಮುಂದೆ ಬರಬೇಕಿತ್ತು. ಪಾಯಿಂಟ್ ಪದ್ಧತಿಯಲ್ಲಿ ಅದ್ಯಾವುದೂ ಬೇಕಿಲ್ಲ. ಸೋತರೂ ಪರವಾಗಿಲ್ಲ, ಊರಿಗೆ ಹೋಗಿ ಹೇಗಾದರೂ ಒಂದು ಗೆದ್ದರೆ ಲೆಕ್ಕ ಸಮ. ಸೋಲಿಗೆ ಬೆಲೆಯೇ ಇಲ್ಲದ ಪಂದ್ಯದಲ್ಲಿ ಫೌಲ್ ಮಾಡುವುದು ಅತ್ಯಂತ ಅಗ್ಗದ ದಾರಿ. ರೆಫರಿ ಸ್ಪೇನ್‌ನವರು. ಫೌಲ್‌ಗೆ ಸೀಟಿ ಊದಿದರು, ಯಾರನ್ನೂ ಹೊರಗೆ ಕಳಿಸಲಿಲ್ಲ. ಕೆಂಪು, ಹಳದಿ ಕಾರ್ಡ್ ಆಗಿನ್ನೂ ಬಂದಿರಲಿಲ್ಲ. ವೆಂಬ್ಲಿಯ ಆ ಗೊಂದಲದ ನಂತರ ಹುಟ್ಟಿದ ಯೋಚನೆ ಅದು, ವಿಶ್ವಕಪ್‌ನಲ್ಲಿ ಮೊದಲು ಬಳಸಿದ್ದು 1970ರಲ್ಲಿ.

ಎರಡನೇ ಪಂದ್ಯ: ಅವೆಯನೆಡಾ

ನವೆಂಬರ್ 1. ಮೈದಾನ ಕಿಕ್ಕಿರಿದಿತ್ತು, ಲಕ್ಷ ದಾಟಿತ್ತು ಅನ್ನುತ್ತಾರೆ. ಆಟ ಇನ್ನೂ ಶುರುವಾಗಿಲ್ಲ. ಸೆಲ್ಟಿಕ್‌ನ ಗೋಲ್‌ಕೀಪರ್, ತಂಡದಲ್ಲೇ ಹಿರಿಯ, ಗೋಲಿನ ಮುಂದೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದ. ಏನೋ ಒಂದು ಬಂದು ತಲೆಗೆ ಬಡಿಯಿತು. ಕೀಪರ್ ಕುಸಿದ, ತಲೆಯಿಂದ ರಕ್ತ. ಬಡಿದದ್ದು ಕಲ್ಲೋ ಕಬ್ಬಿಣದ ತುಂಡೋ, ಎಸೆದವರು ಯಾರು, ಯಾವುದೂ ಇವತ್ತಿನವರೆಗೆ ತೀರ್ಮಾನವಾಗಿಲ್ಲ. ಜನ ಇದ್ದ ಕಡೆ ಬಲೆ ಕಟ್ಟಿತ್ತು, ಹಾಗಾದರೆ ಹತ್ತಿರದಿಂದಲೇ ಬಂದಿರಬೇಕು ಅನ್ನುವ ಅನುಮಾನ ಸೆಲ್ಟಿಕ್‌ನವರಿಗೆ ಉಳಿದೇ ಹೋಯಿತು.

ಪ್ರಕರಣದ ಮೊದಲ ದೊಡ್ಡ ತಿರುವು ಇದು. ಆ ಕ್ಷಣದಲ್ಲಿ ಸೆಲ್ಟಿಕ್ ಮುಂದೆ ಎರಡು ದಾರಿ. ಆಡುವುದಿಲ್ಲ ಅಂತ ಡ್ರೆಸ್ಸಿಂಗ್ ರೂಮಿಗೆ ಹೋಗುವುದು. ಇಲ್ಲವೇ ಎರಡನೇ ಕೀಪರ್‌ಗೆ ಗ್ಲೌಸ್ ಹಾಕಿಸುವುದು. ಎರಡನೆಯದನ್ನು ಆರಿಸಿಕೊಂಡರು. ಲಕ್ಷ ಜನ ತುಂಬಿದ ಮೈದಾನದಲ್ಲಿ ಆಟ ಇಲ್ಲ ಅಂತ ಹೇಳುವ ಧೈರ್ಯ ಯಾರಿಗೆ ಇರುತ್ತದೆ? ನಾನು ಸೆಲ್ಟಿಕ್‌ನವರನ್ನು ದೂರುವುದಿಲ್ಲ. ದೂರಬೇಕಾದದ್ದು ಆ ನಿರ್ಧಾರವನ್ನು ಅವರ ತಲೆಗೆ ಕಟ್ಟಿದ ವ್ಯವಸ್ಥೆಯನ್ನು. ಅತಿಥಿ ತಂಡದ ಕೀಪರ್‌ಗೆ ಆಟಕ್ಕೆ ಮೊದಲೇ ಗಾಯವಾದರೆ ಪಂದ್ಯ ನಡೆಯಬೇಕೋ ಬೇಡವೋ ಅನ್ನುವುದನ್ನು ಗಾಯಗೊಂಡ ತಂಡವೇ ಯಾಕೆ ಹೇಳಬೇಕು? ಪಂದ್ಯ ನಿಲ್ಲಿಸಿ, ನಾಳೆ ಖಾಲಿ ಮೈದಾನದಲ್ಲಿ ಆಡಿಸುತ್ತೇವೆ ಅನ್ನುವ ಅಧಿಕಾರಿ ಅಲ್ಲಿ ಒಬ್ಬನಾದರೂ ಇರಬೇಕಿತ್ತಲ್ವಾ? ಈ ಕಪ್ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಎರಡು ಒಕ್ಕೂಟಗಳು ಸೇರಿ ನಡೆಸುತ್ತಿದ್ದದ್ದು. ಫಿಫಾ ಅದನ್ನು ತನ್ನದು ಅಂತ ಒಪ್ಪಿರಲಿಲ್ಲ. ಇಬ್ಬರು ಯಜಮಾನರಿದ್ದ ಮನೆಯಲ್ಲಿ ಬೈಯುವವರೇ ಇರಲಿಲ್ಲ.

ಆಟ ಶುರುವಾಯಿತು. ಅಚ್ಚರಿ ಅಂದರೆ ಮೊದಲು ಗೋಲು ಹೊಡೆದದ್ದು ಸೆಲ್ಟಿಕ್. ಅದೇ ವಿಂಗರ್‌ನನ್ನು ಪೆನಾಲ್ಟಿ ಜಾಗದಲ್ಲಿ ಬೀಳಿಸಿದರು, ಡಿಫೆಂಡರ್ ಒಬ್ಬ ಪೆನಾಲ್ಟಿ ಹೊಡೆದ. ಸುಮಾರು 20ನೇ ನಿಮಿಷ. ರೇಸಿಂಗ್ ಅರ್ಧ ಸಮಯಕ್ಕೆ ಮೊದಲೇ ಸಮ ಮಾಡಿತು. ಆಫ್‌ಸೈಡ್ ಅಂತ ಸೆಲ್ಟಿಕ್‌ನವರು ಕೂಗಿದರು, ನಡೆಯಲಿಲ್ಲ. ವಿರಾಮದಲ್ಲಿ ಡ್ರೆಸ್ಸಿಂಗ್ ರೂಮಿಗೆ ಹೋದರೆ ನಲ್ಲಿಯಲ್ಲಿ ನೀರಿಲ್ಲ. ವಾಪಸ್ ಬಂದ ಕೆಲವೇ ನಿಮಿಷಕ್ಕೆ ರೇಸಿಂಗ್ ಇನ್ನೊಂದು ಹೊಡೆಯಿತು. 2-1. ಪಾಯಿಂಟ್ ಸಮ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ಎರಡೂ ಪಂದ್ಯ ಸೇರಿ ಗೋಲು 2-2. ಎದುರಾಳಿಯ ನೆಲದಲ್ಲಿ ಸೆಲ್ಟಿಕ್ ಹೊಡೆದದ್ದು ಒಂದು, ರೇಸಿಂಗ್ ಹೊಡೆದದ್ದು ಸೊನ್ನೆ. ಹೊರ ಊರಿನ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮ ಯುರೋಪಿನಲ್ಲಿ ಆಗಲೇ ಬಂದಿತ್ತು. ಅದೇ ವರ್ಷದ ಯುರೋಪಿಯನ್ ಕಪ್‌ನ ಮೊದಲ ಸುತ್ತಿಗೂ ಅದು ಅನ್ವಯವಾಗಿತ್ತು. ಅದನ್ನೇ ಇಲ್ಲಿಗೂ ತಂದಿದ್ದರೆ ಆ ರಾತ್ರಿ ಅವೆಯನೆಡಾದಲ್ಲಿ ಸೆಲ್ಟಿಕ್ ವಿಶ್ವ ಚಾಂಪಿಯನ್. ಆದರೆ ಈ ಲೆಕ್ಕವನ್ನು ಜಾಸ್ತಿ ನಂಬಬಾರದು. ನಿಯಮ ಬೇರೆ ಇದ್ದಿದ್ದರೆ ರೇಸಿಂಗ್ 2-1ಕ್ಕೆ ತೃಪ್ತಿಪಟ್ಟು ಹಿಂದೆ ನಿಲ್ಲುತ್ತಿರಲಿಲ್ಲ, ಗ್ಲಾಸ್ಗೋದಲ್ಲೂ ಬೇರೆ ಥರ ಆಡುತ್ತಿತ್ತು. ನಿಯಮ ಬದಲಾದರೆ ಆಟವೂ ಬದಲಾಗುತ್ತದೆ.

ನಡುವಿನ ಮೂರು ದಿನ

ಎರಡನೇ ಪಂದ್ಯಕ್ಕೂ ಮೂರನೆಯದಕ್ಕೂ ನಡುವೆ ಇದ್ದದ್ದು ಮೂರೇ ದಿನ. ಎಲ್ಲರೂ ಮೂರನೇ ಪಂದ್ಯದ ಬಗ್ಗೆ ಬರೆಯುತ್ತಾರೆ. ನನ್ನ ಪ್ರಕಾರ ಪ್ರಕರಣ ತಿರುಗಿದ್ದು ಈ ಮೂರು ದಿನದಲ್ಲಿ.

ಸೆಲ್ಟಿಕ್ ಅಧ್ಯಕ್ಷರಿಗೆ ಮಾಂಟೆವಿಡಿಯೊಗೆ ಹೋಗುವ ಮನಸ್ಸಿರಲಿಲ್ಲ. ಕೀಪರ್‌ಗೆ ಏಟು ಬಿದ್ದಿದೆ, ಮರ್ಯಾದೆಯಿಂದ ಮನೆಗೆ ಹೋಗೋಣ ಅನ್ನುವ ಕಡೆಗಿದ್ದರು. ಕೋಚ್ ಆಡಬೇಕು ಅಂದರು. ಕೋಚ್ ಮಾತು ನಡೆಯಿತು. ಅವರ ವಾದವೂ ಹುಚ್ಚಲ್ಲ. ಇಷ್ಟು ದೂರ ಬಂದಿದ್ದೇವೆ, ಒಂದು ಪಂದ್ಯ ದೂರದಲ್ಲಿ ಕಪ್ ಇದೆ, ಓಡಿಹೋದರು ಅನ್ನಿಸಿಕೊಳ್ಳುವುದು ಬೇಡ. ಜೊತೆಗೆ ಉರುಗ್ವೆಯವರಿಗೂ ಅರ್ಜೆಂಟೀನಾದವರಿಗೂ ಹಳೆಯ ಪೈಪೋಟಿ, ಅಲ್ಲಿನ ಜನ ನಮ್ಮ ಕಡೆ ನಿಲ್ಲಬಹುದು ಅನ್ನುವ ಆಸೆ.

ಆದರೆ ಆಡುವ ನಿರ್ಧಾರದ ಜೊತೆಗೇ ಇನ್ನೊಂದು ನಿರ್ಧಾರವೂ ಸದ್ದಿಲ್ಲದೆ ಆಗಿಹೋಯಿತು. ಅಲ್ಲಿಯವರೆಗೆ ಕೋಚ್ ತಮ್ಮ ಹುಡುಗರಿಗೆ ಏಟು ತಿಂದರೂ ತಿರುಗಿಸಬೇಡಿ, ಚೆಂಡು ನೋಡಿ ಅನ್ನುತ್ತಿದ್ದರು. ಈಗ ಸೌಜನ್ಯ ಸಾಕು, ಗಟ್ಟಿಯಾಗಿ ಆಡಲು ನಮಗೂ ಬರುತ್ತದೆ ಅನ್ನುವ ಧಾಟಿಗೆ ಬಂದರು. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ತಂಡದ ದೃಷ್ಟಿಯಿಂದ ನೋಡಿದರೆ ಇದು ತೀರಾ ಕೆಟ್ಟ ವ್ಯಾಪಾರ. ಸೆಲ್ಟಿಕ್‌ನ ಬಲ ಇದ್ದದ್ದು ಓಟದಲ್ಲಿ, ಪಾಸ್‌ಗಳಲ್ಲಿ. ಫೌಲ್ ಮಾಡಿ ಆಟ ಒಡೆಯುವುದರಲ್ಲಿ ರೇಸಿಂಗ್‌ಗೆ ಅಭ್ಯಾಸವಿತ್ತು, ಇವರಿಗಿರಲಿಲ್ಲ. ಏಟು ಕೊಟ್ಟು ಗೊತ್ತಿಲ್ಲದವನು ಕೊಟ್ಟಾಗ ರೆಫರಿ ಕಣ್ಣಿಗೆ ಮೊದಲು ಬೀಳುವವನೇ ಅವನು.

ಮೊದಲ ಎರಡು ಪಂದ್ಯದಲ್ಲಿ ನಡೆದದ್ದಕ್ಕೆ ಯಾರಿಗೂ ಶಿಕ್ಷೆ ಆಗಿರಲಿಲ್ಲ. ಕಲ್ಲೆಸೆದದ್ದಕ್ಕೆ ಕ್ಲಬ್‌ಗೆ ದಂಡ ಬಿದ್ದು ಪಂದ್ಯ ನಿಲ್ಲಲಿಲ್ಲ, ಸತತ ಫೌಲ್ ಮಾಡಿದವನನ್ನು ಮುಂದಿನ ಪಂದ್ಯದಿಂದ ಹೊರಗಿಡಲಿಲ್ಲ. ಮೂರು ಪಂದ್ಯಕ್ಕೆ ಮೂವರು ರೆಫರಿಗಳು. ಸ್ಪೇನ್, ಉರುಗ್ವೆ, ಪರಗ್ವೆ. ಪ್ರತಿಯೊಬ್ಬರೂ ಹೊಸ ಹಾಳೆಯಿಂದ ಶುರು ಮಾಡಿದರು. ಶಿಕ್ಷೆಯ ಲೆಕ್ಕ ಪ್ರತಿ ಪಂದ್ಯಕ್ಕೂ ಸೊನ್ನೆಯಿಂದ, ಸೇಡಿನ ಲೆಕ್ಕ ಮಾತ್ರ ಹಿಂದಿನ ಬಾಕಿ ಸಮೇತ ಮುಂದಕ್ಕೆ. ಈ ಪ್ರಕರಣದಲ್ಲಿ ಒಂದೇ ಒಂದು ದೋಷ ಎತ್ತಿ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಮೂವರು ರೆಫರಿಗಳಿಗೂ ಸ್ಪ್ಯಾನಿಷ್ ಬರುತ್ತಿತ್ತು, ಅದು ಅವರ ಭಾಷೆಯೇ. ರೇಸಿಂಗ್‌ನವರದ್ದೂ ಅದೇ ಭಾಷೆ. ಅವರು ಪಕ್ಷಪಾತ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ತಂಡ ಮೂರು ಪಂದ್ಯದಲ್ಲೂ ರೆಫರಿ ಜೊತೆ ಮಾತಾಡಬಹುದಿತ್ತು, ವಾದಿಸಬಹುದಿತ್ತು, ಸಮಾಧಾನ ಮಾಡಬಹುದಿತ್ತು. ಇನ್ನೊಂದು ತಂಡಕ್ಕೆ ಕೈಸನ್ನೆ ಬಿಟ್ಟರೆ ಬೇರೆ ಗತಿ ಇರಲಿಲ್ಲ.

ಮೂರನೇ ಪಂದ್ಯ: ಮಾಂಟೆವಿಡಿಯೊ

ಸೆಂಟೆನಾರಿಯೊ ಕ್ರೀಡಾಂಗಣ, 1930ರಲ್ಲಿ ಮೊಟ್ಟಮೊದಲ ವಿಶ್ವಕಪ್ ಫೈನಲ್ ನಡೆದ ಜಾಗ. ಲಾ ಪ್ಲಾಟಾ ನದಿ ದಾಟಿ ರೇಸಿಂಗ್ ಬೆಂಬಲಿಗರು ಸಾವಿರಗಟ್ಟಲೆ ಬಂದಿದ್ದರು. ತಟಸ್ಥ ಮೈದಾನ ಅನ್ನುವುದು ಕಾಗದದ ಮೇಲೆ. ಅವೆಯನೆಡಾದಿಂದ ನದಿಯ ಆಚೆ ದಡಕ್ಕೆ ಎಷ್ಟು ದೂರ, ಗ್ಲಾಸ್ಗೋದಿಂದ ಎಷ್ಟು ದೂರ ಅಂತ ನಕ್ಷೆ ನೋಡಿದರೆ ಸಾಕು.

ಮೊದಲ ಅರ್ಧದಲ್ಲೇ ಆಟ ಕೈ ಮೀರಿತು. ರೆಫರಿ ಇಬ್ಬರೂ ನಾಯಕರನ್ನು ಕರೆದು, ಇನ್ನೊಂದು ಸಲ ಹೀಗಾದರೆ ಕಳಿಸುತ್ತೇನೆ ಅಂತ ಎಚ್ಚರಿಸಿದರು ಎನ್ನುತ್ತಾರೆ. 37ನೇ ನಿಮಿಷದ ಹೊತ್ತಿಗೆ ಕಳಿಸಿಯೇ ಬಿಟ್ಟರು, ಎರಡೂ ಕಡೆಯಿಂದ ಒಬ್ಬೊಬ್ಬರನ್ನು. ಸೆಲ್ಟಿಕ್ ಕಡೆಯಿಂದ ಹೊರಬಿದ್ದವನು ಒಬ್ಬ ಫಾರ್ವರ್ಡ್. ಜಗಳದಲ್ಲಿ ನಾನು ಇರಲೇ ಇಲ್ಲ, ಬೇರೆಯವನ ಬದಲು ನನ್ನನ್ನು ಕಳಿಸಿದರು ಅಂತ ಅವನು ಮುಂದೆ ಎಷ್ಟೋ ಸಲ ಹೇಳಿದ್ದಾನೆ. ಬದಿಗೆ ಹೋದರೆ ಕೋಚ್ ವಾಪಸ್ ಹೋಗು ಅಂದರಂತೆ. ವಾಪಸ್ ಹೋದರೆ ರೆಫರಿ ಮತ್ತೆ ಹೊರಗೆ ಅಂದರಂತೆ. ಕೊನೆಗೆ ಕತ್ತಿ ಹಿಡಿದ ಪೊಲೀಸ್‌ನವನೊಬ್ಬ ಹತ್ತಿರ ಬಂದ ಮೇಲೆ ಮಾತಿಲ್ಲದೆ ಹೊರಟನಂತೆ. ಕಾರ್ಡ್ ಇಲ್ಲದ ಕಾಲ, ಭಾಷೆ ಬಾರದ ರೆಫರಿ, ಒಂದೇ ಥರದ ಅಂಗಿ ತೊಟ್ಟ ಹನ್ನೊಂದು ಜನ. ಹೀಗಾಗದೆ ಇನ್ನೇನಾದೀತು?

ವಿರಾಮದ ನಂತರ ಎರಡು ಮೂರು ನಿಮಿಷಕ್ಕೇ ಆ ಕುಳ್ಳಗಿನ ವಿಂಗರ್ ಹೊರಬಿದ್ದ. ಎರಡೂವರೆ ಪಂದ್ಯ ಕಾಲು, ಸೊಂಟ, ಬೆನ್ನಿಗೆ ಏಟು ತಿಂದವನು ಒಂದು ಸಲ ತಿರುಗಿಬಿದ್ದ, ಅಷ್ಟೇ. ಸೆಲ್ಟಿಕ್‌ಗೆ ಈಗ ಒಂಬತ್ತು ಜನ. 56ನೇ ನಿಮಿಷದಲ್ಲಿ ರೇಸಿಂಗ್ ಫಾರ್ವರ್ಡ್ ಬಹಳ ದೂರದಿಂದ ಎಡಗಾಲಿನಲ್ಲಿ ಹೊಡೆದ. ಚೆಂಡು ಗೋಲಿನ ಮೂಲೆಗೆ ಹೋಗಿ ಬಿತ್ತು. ಈ ಜಗಳದಲ್ಲಿ ಆ ಗೋಲಿನ ಮಾತೇ ಮುಚ್ಚಿಹೋಗುತ್ತದೆ, ಅದು ಅನ್ಯಾಯ. ಯಾವ ಫೈನಲ್‌ನಲ್ಲಾದರೂ ನೆನಪಿಟ್ಟುಕೊಳ್ಳುವಂಥ ಹೊಡೆತ ಅದು. ರೇಸಿಂಗ್‌ನವರು ಬರೀ ಒದ್ದು ಗೆದ್ದರು ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ಆಮೇಲೆ ಸೆಲ್ಟಿಕ್‌ನ ಇನ್ನೊಬ್ಬ ವಿಂಗರ್ ರೇಸಿಂಗ್ ಗೋಲ್‌ಕೀಪರ್ ಮೇಲೆ ಹಲ್ಲೆ ಮಾಡಿ ಹೊರಬಿದ್ದ. ಯಾರೂ ನೋಡುವುದಿಲ್ಲ ಅಂದುಕೊಂಡಿದ್ದೆ ಅಂತ ಆಮೇಲೆ ಹೇಳಿದನಂತೆ. ಸಾವಿರಾರು ಜನ ಕೂತಿದ್ದ ಮೈದಾನದಲ್ಲಿ! ಕೊನೆಯ ನಿಮಿಷಗಳಲ್ಲಿ ರೇಸಿಂಗ್‌ನ ಎರಡನೆಯವನೂ ಹೋದ. ಕಟ್ಟಕಡೆಗೆ ಸೆಲ್ಟಿಕ್‌ನ ಒಬ್ಬ ಮಿಡ್‌ಫೀಲ್ಡರ್‌ಗೆ ರೆಫರಿ ಹೊರಡು ಅಂದರು. ಅವನು ತಲೆ ಅಲ್ಲಾಡಿಸಿ ನಿಂತ. ರೆಫರಿ ಇನ್ನೊಮ್ಮೆ ಅಂದರು. ಕದಲಲಿಲ್ಲ. ಪಂದ್ಯ ಮುಗಿಯಲು ಉಳಿದದ್ದು ಸ್ವಲ್ಪವೇ ಸಮಯ, ರೆಫರಿ ಕೈಚೆಲ್ಲಿ ಆಟ ಮುಂದುವರಿಸಿದರು. ಎಷ್ಟು ಜನ ಹೊರಬಿದ್ದರು ಅಂತ ಕೆಲವು ಕಡೆ ಐದು, ಕೆಲವು ಕಡೆ ಆರು ಅಂತ ಸಿಗುವುದು ಇದಕ್ಕೇ.

ರೇಸಿಂಗ್ 1-0. ಅರ್ಜೆಂಟೀನಾಕ್ಕೆ ಮೊದಲ ಖಂಡಾಂತರ ಕಪ್.

ಆಮೇಲೆ ಆದದ್ದು

ಸೆಲ್ಟಿಕ್ ಆಡಳಿತ ಮಂಡಳಿ ತನ್ನ ಆಟಗಾರರಿಗೆ ತಲಾ 250 ಪೌಂಡ್ ದಂಡ ಹಾಕಿತು. ಏಟು ತಿಂದವರಿಗೂ, ಕೊಟ್ಟವರಿಗೂ, ಏನೂ ಮಾಡದವರಿಗೂ. ಅದೇ ಹೊತ್ತಿಗೆ ರೇಸಿಂಗ್ ತನ್ನವರಿಗೆ ಕಾರು ಬಹುಮಾನ ಕೊಟ್ಟಿತು ಅಂತ ಹೇಳುವುದುಂಟು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಸೆಲ್ಟಿಕ್ ಎಷ್ಟು ಸಂಭಾವಿತರು ನೋಡಿ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಾಂಟೆವಿಡಿಯೊಗೆ ಹೋಗುವ ನಿರ್ಧಾರ ಆಟಗಾರರದ್ದಲ್ಲ. ಗಟ್ಟಿಯಾಗಿ ಆಡಿ ಅನ್ನುವ ಧಾಟಿ ತಂದದ್ದೂ ಆಟಗಾರರಲ್ಲ. ನಿರ್ಧಾರ ಮಾಡಿದವರು ದಂಡ ಹಾಕಿದರು, ನಿರ್ಧಾರಕ್ಕೆ ಒಳಗಾದವರು ದಂಡ ಕಟ್ಟಿದರು. ಪತ್ರಿಕೆಗಳಿಗೆ ಇದು ಚೆನ್ನಾಗಿ ಕಂಡಿತು. ಮುಂದಿನ ವರ್ಷದ ಫೈನಲ್‌ಗೆ ಇದರಿಂದ ಕಿಂಚಿತ್ತೂ ಉಪಯೋಗವಾಗಲಿಲ್ಲ.

1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಅರ್ಜೆಂಟೀನಾದ ಎಸ್ಟುಡಿಯಾಂಟೆಸ್. ಎರಡೂ ಪಂದ್ಯದಲ್ಲಿ ಹೊರಗೆ ಕಳಿಸುವುದು ನಡೆಯಿತು. ಎಸ್ಟುಡಿಯಾಂಟೆಸ್ 1-0, 1-1ರಿಂದ ಗೆದ್ದದ್ದರಿಂದ ಮೂರನೆಯದು ಬೇಕಾಗಲಿಲ್ಲ.

1969ಕ್ಕೆ ನಿಯಮ ಬದಲಾಯಿತು. ಗೋಲು ಕೂಡಿಸುವ ಪದ್ಧತಿ ಬಂತು, ಮೂರನೇ ಪಂದ್ಯ ಹೋಯಿತು. ಇಷ್ಟೊತ್ತು ಪಾಯಿಂಟ್ ಪದ್ಧತಿಯನ್ನು ಬೈದ ನಾನು ಇಲ್ಲಿ ಗೆದ್ದೆ ಅನ್ನಬೇಕು. ಆದರೆ ಆದದ್ದೇನು? ಮಿಲಾನ್ ತವರಿನಲ್ಲಿ 3-0. ಎರಡನೇ ಪಂದ್ಯ ಅಕ್ಟೋಬರ್ 22ರಂದು ಬ್ಯೂನಸ್ ಐರಿಸ್‌ನ ಬೊಂಬೊನೇರಾದಲ್ಲಿ. ಎಸ್ಟುಡಿಯಾಂಟೆಸ್ 2-1ರಿಂದ ಗೆದ್ದರೂ ಸಾಲಲಿಲ್ಲ. ಆ ದಿನ ಮಾಂಟೆವಿಡಿಯೊವನ್ನೂ ಮೀರಿಸುವಂಥ ಹೊಡೆದಾಟ ನಡೆಯಿತು. ಮಿಲಾನ್‌ನ ಫಾರ್ವರ್ಡ್ ಒಬ್ಬ ಅರ್ಜೆಂಟೀನಾದಲ್ಲಿ ಹುಟ್ಟಿ ಫ್ರಾನ್ಸ್‌ಗೆ ಹೋಗಿದ್ದವನು. ಮೂಗು ಮುರಿದುಕೊಂಡ ಅವನನ್ನೇ, ಸೈನ್ಯದ ಸೇವೆ ತಪ್ಪಿಸಿಕೊಂಡ ಆರೋಪದ ಮೇಲೆ ಪೊಲೀಸರು ಹಿಡಿದರು. ಆಮೇಲೆ ಬಿಟ್ಟರು. ದೇಶದ ಮಾನ ಹೋಯಿತು ಅಂತ ಅಲ್ಲಿನ ಸೇನಾ ಸರ್ಕಾರ ಎಸ್ಟುಡಿಯಾಂಟೆಸ್‌ನ ಮೂವರನ್ನು ಜೈಲಿಗೆ ಹಾಕಿತು.

ಅಂದರೆ ಗೋಲಿನ ಲೆಕ್ಕ ಸರಿಮಾಡಿದ್ದು ಅರ್ಧ ಔಷಧ. ಶಿಕ್ಷೆಯ ಲೆಕ್ಕ ಹಾಗೇ ಉಳಿದಿತ್ತು. ಪಂದ್ಯ ನಡೆಯುವಾಗ ತಡೆಯುವವರಿಲ್ಲ, ಮುಗಿದ ಮೇಲೆ ಸರ್ಕಾರವೇ ಬರಬೇಕಾಯಿತು.

ಎರಡು ಪಂದ್ಯದ ಪದ್ಧತಿಯೇ ಕೆಟ್ಟದ್ದು ಅನ್ನುವವರಿಗೆ ನಾನು 1976ನ್ನು ತೋರಿಸುತ್ತೇನೆ. ಬೇಯರ್ನ್ ಮ್ಯೂನಿಕ್ ಹಿಮ ಸುರಿಯುವ ಮ್ಯೂನಿಕ್‌ನಲ್ಲಿ ಬ್ರೆಜಿಲ್‌ನ ಕ್ರುಜೇರೊ ತಂಡವನ್ನು 2-0ಯಿಂದ ಸೋಲಿಸಿತು. ಆಮೇಲೆ ಬೆಲೊ ಹೊರಿಜೊಂಟೆಗೆ ಹೋಗಿ ಲಕ್ಷಕ್ಕೂ ಹೆಚ್ಚು ಜನರ ಮುಂದೆ 0-0 ಮಾಡಿಕೊಂಡು ಕಪ್ ತಂದಿತು. ಹೊಡೆದಾಟಕ್ಕೆ ಹೆಸರಾದ ಫೈನಲ್‌ಗಳ ಪಟ್ಟಿಯಲ್ಲಿ ಅದು ಇಲ್ಲ. ಅದೇ ದೂರ, ಅದೇ ಎರಡು ಪಂದ್ಯ.

ಆದರೆ ಆ ಹೊತ್ತಿಗೆ ಯುರೋಪಿನ ಕ್ಲಬ್‌ಗಳು 1967ರಲ್ಲಿ ಸೆಲ್ಟಿಕ್ ಅಧ್ಯಕ್ಷರು ಬಯಸಿದ್ದನ್ನೇ ಮಾಡಲು ಶುರು ಮಾಡಿದ್ದವು. ಹೋಗುವುದೇ ಬೇಡ. 1971ರಲ್ಲಿ ಅಯಾಕ್ಸ್ ಒಲ್ಲೆ ಅಂದಿತು, ಬದಲಿಗೆ ರನ್ನರ್‌ಅಪ್ ಪನಥಿನೈಕೊಸ್ ಹೋಯಿತು. 1973ರಲ್ಲಿ ಮತ್ತೆ ಅಯಾಕ್ಸ್ ಇಲ್ಲ. 1974ರ ಕಪ್‌ಗೆ ಬೇಯರ್ನ್ ಬದಲು ಅಟ್ಲೆಟಿಕೊ ಮ್ಯಾಡ್ರಿಡ್ ಆಡಿ ಗೆದ್ದೇಬಿಟ್ಟಿತು. ಯುರೋಪಿಯನ್ ಕಪ್ ಒಮ್ಮೆಯೂ ಗೆಲ್ಲದ ತಂಡ ವಿಶ್ವ ಚಾಂಪಿಯನ್! 1975ರಲ್ಲೂ 1978ರಲ್ಲೂ ಕಪ್ ನಡೆಯಲೇ ಇಲ್ಲ. 1977ರಲ್ಲಿ ಲಿವರ್‌ಪೂಲ್, 1979ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹಿಂದೆ ಸರಿದವು.

ಫಾರೆಸ್ಟ್ ಬದಲು ಆಡಿದ್ದು ಸ್ವೀಡನ್ನಿನ ಮಾಲ್ಮೊ, ಪರಗ್ವೆಯ ಒಲಿಂಪಿಯಾ ವಿರುದ್ಧ. ಮಾಲ್ಮೊದಲ್ಲಿ ನಡೆದ ಮೊದಲ ಪಂದ್ಯಕ್ಕೆ ಬಂದವರು ಐದು ಸಾವಿರಕ್ಕೂ ಕಡಿಮೆ. ಹನ್ನೆರಡು ವರ್ಷದ ಹಿಂದೆ ಹ್ಯಾಂಪ್ಡನ್‌ನಲ್ಲಿ 80,000 ದಾಟಿದ್ದ ಫೈನಲ್ ಇದೇ. ಜಗಳದ ಫೋಟೋಗಳಿಗಿಂತ ಈ ಖಾಲಿ ಗ್ಯಾಲರಿಯ ಲೆಕ್ಕವೇ ಸಂಘಟಕರನ್ನು ಅಲ್ಲಾಡಿಸಿತು ಅಂತ ನನ್ನ ಅಂದಾಜು.

ಮುಂದಿನ ಆವೃತ್ತಿಯಿಂದ ಫೈನಲ್ ಟೋಕಿಯೊಗೆ ಹೋಯಿತು. ಒಂದೇ ಪಂದ್ಯ, ಟೊಯೋಟಾ ಪ್ರಾಯೋಜಕತ್ವ. 1981ರ ಫೆಬ್ರವರಿಯಲ್ಲಿ ನಡೆದ ಮೊದಲನೆಯದರಲ್ಲಿ ನಸಿಯೊನಾಲ್ 1-0ಯಿಂದ ಫಾರೆಸ್ಟ್ ಮೇಲೆ ಗೆದ್ದಿತು. ಹಿಂದಿನ ಆವೃತ್ತಿಗೆ ಒಲ್ಲೆ ಅಂದಿದ್ದ ಅದೇ ಫಾರೆಸ್ಟ್, ಟೋಕಿಯೊ ಅಂದಾಗ ವಿಮಾನ ಹತ್ತಿತು. ತವರಿನ ಗದ್ದಲ, ಸ್ವಂತ ಊರಿನ ಜನ, ಎರಡೂ ಕಡೆಯಿಂದ ಕಳೆದುಹೋಯಿತು. ನನಗದು ಈಗಲೂ ಒಪ್ಪಿಗೆಯಿಲ್ಲ. ಆದರೆ ಪಾಯಿಂಟ್ ಸಮ ಆಗುವ ಮಾತು ಅಲ್ಲಿಗೆ ಮುಗಿಯಿತು. 1985ರಲ್ಲಿ ಯುವೆಂಟಸ್ ಮತ್ತು ಅರ್ಜೆಂಟಿನೋಸ್ ಜೂನಿಯರ್ಸ್ 2-2 ಮಾಡಿಕೊಂಡಾಗ ಅದೇ ಮೈದಾನದಲ್ಲಿ, ಅದೇ ದಿನ ಪೆನಾಲ್ಟಿ ಒದ್ದು ತೀರಿಸಿಕೊಂಡರು.